ಬಿಎಸ್‌ಸಿ ಜೀವಶಾಸ್ತ್ರಕ್ಕೆ ಸಾಲ: ಸಂಬಳದಿಂದ ಹಿಂದಕ್ಕೆ ಲೆಕ್ಕ ಹಾಕುವುದು ಹೇಗೆ

ಕಳೆದ ಜೂನ್‌ನಲ್ಲಿ, ನೀಟ್ ಫಲಿತಾಂಶ ಬಂದ ವಾರ, ಅಣ್ಣ ಊರಿನಿಂದ ಬೆಳಗಿನ ಬಸ್ಸಿಗೆ ಬಂದ. ಜೊತೆಗೆ ಮಗಳು. ಮಗಳ ಕೈಯಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಹೊಳೆಯುವ ಬ್ರೋಷರ್. ಬಿಎಸ್‌ಸಿ ಬಯೋಟೆಕ್ನಾಲಜಿ, ಶುಲ್ಕ ಮತ್ತು ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡು ಲಕ್ಷ. "ಚಿಕ್ಕಪ್ಪ, ಬ್ಯಾಂಕಿನವರು ಸಾಲ ಕೊಡುತ್ತಾರಂತೆ" ಎಂದಳು. ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವನು. ಟ್ರೇಯಲ್ಲಿ ಜಿರಳೆ ಕೊಯ್ಯಿಸುತ್ತಿದ್ದ ಕಾಲದಿಂದ ಕಂಪ್ಯೂಟರ್ ಪರದೆಯ ಮೇಲೆ ಕೊಯ್ಯುವ ಕಾಲದವರೆಗೆ ಮಕ್ಕಳನ್ನು ಕಂಡಿದ್ದೇನೆ. ಈ ವಿಷಯವನ್ನು ಪ್ರೀತಿಯಿಂದ ಓದಿ ಚೆನ್ನಾಗಿ ಬದುಕುತ್ತಿರುವವರೂ ನನಗೆ ಗೊತ್ತು, ಕಂತು ಕಟ್ಟಲು ಊರಿಗೆ ಫೋನ್ ಮಾಡುವವರೂ ಗೊತ್ತು. ಆ ದಿನ ಮಧ್ಯಾಹ್ನ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಹಿಂಬದಿಯಲ್ಲಿ ನಾವು ಮೂವರೂ ಕುಳಿತು ಹಾಕಿದ ಲೆಕ್ಕವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಎಲ್ಲರೂ ಶುಲ್ಕದಿಂದ ಲೆಕ್ಕ ಶುರು ಮಾಡುತ್ತಾರೆ. ಇಷ್ಟು ಶುಲ್ಕ, ಅದಕ್ಕೆ ಇಷ್ಟು ಸಾಲ, ಆಮೇಲೆ ದೇವರಿದ್ದಾನೆ. ಜೀವಶಾಸ್ತ್ರದ ಮಟ್ಟಿಗೆ ಈ ದಾರಿ ಅಪಾಯದ್ದು. ಇಲ್ಲಿ ಸಂಬಳದಿಂದ ಹೊರಟು ಶುಲ್ಕದ ಕಡೆಗೆ ಬರಬೇಕು.

ಹೆಜ್ಜೆ 1: ಯಾವ ನಿಲ್ದಾಣದಲ್ಲಿ ಇಳಿಯುತ್ತೀರಿ ಎಂದು ಬರೆದುಕೊಳ್ಳಿ

ಎಂಜಿನಿಯರಿಂಗ್, ನರ್ಸಿಂಗ್‌ನಂಥ ಪದವಿಗಳು ನೇರವಾಗಿ ಒಂದು ಕೆಲಸದ ಬಾಗಿಲಿಗೆ ಕರೆದೊಯ್ಯುತ್ತವೆ. ಬಿಎಸ್‌ಸಿ ಜೀವಶಾಸ್ತ್ರ ಹಾಗಲ್ಲ. ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಸೇರಿದ ಸಿಬಿಝಡ್ ಇರಲಿ, ಮೈಕ್ರೋಬಯಾಲಜಿ ಇರಲಿ, ಬಯೋಟೆಕ್ನಾಲಜಿ ಇರಲಿ, ಮೂರು ವರ್ಷಕ್ಕೆ ಇಳಿದರೆ ಸಿಗುವ ಕೆಲಸ ಒಂದು ಬಗೆಯದು, ಐದು ವರ್ಷಕ್ಕೆ ಇಳಿದರೆ ಸಿಗುವುದು ಇನ್ನೊಂದು, ಹತ್ತು ವರ್ಷಕ್ಕೆ ಇಳಿದರೆ ಮತ್ತೊಂದು. ಸಾಲದ ಮೀಟರ್ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ಮೂರು ವರ್ಷಕ್ಕೆ ಇಳಿಯುವವರಿಗೆ ಔಷಧ ಕಾರ್ಖಾನೆಗಳ ಗುಣಮಟ್ಟ ಪರೀಕ್ಷಾ ವಿಭಾಗ, ರೋಗಪತ್ತೆ ಪ್ರಯೋಗಾಲಯ, ಔಷಧ ಮಾರಾಟ ಪ್ರತಿನಿಧಿ, ಮೆಡಿಕಲ್ ಕೋಡಿಂಗ್ ಇಂಥವು ಇವೆ. ಬಿ.ಇಡಿ ಸೇರಿಸಿಕೊಂಡರೆ ಪ್ರೌಢಶಾಲೆಯ ಮೇಷ್ಟ್ರಾಗಬಹುದು. ಎಂಎಸ್‌ಸಿ ಮುಗಿಸಿದರೆ ಸಂಶೋಧನಾ ಸೇವೆ ಕೊಡುವ ಕಂಪನಿಗಳು ಬಾಗಿಲು ತೆರೆಯುತ್ತವೆ. ಬೆಂಗಳೂರಿನ ಬೊಮ್ಮಸಂದ್ರ ಸುತ್ತಮುತ್ತ ಇಂಥವು ಸಾಕಷ್ಟಿವೆ. 1978ರಲ್ಲಿ ಶುರುವಾದ ಬಯೋಕಾನ್ ಇರುವುದೂ ಆ ದಿಕ್ಕಿನಲ್ಲೇ. ಸರ್ಕಾರಿ ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಆಗಬೇಕಾದರೆ ಎಂಎಸ್‌ಸಿ ಜೊತೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್‌ಡಿ ಬೇಕು. ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ಆ ಹುದ್ದೆಯ ಆರಂಭಿಕ ಮೂಲವೇತನ 57,700 ರೂಪಾಯಿ. ಆದರೆ ನೇಮಕಾತಿ ಅಧಿಸೂಚನೆ ಯಾವಾಗ ಬರುತ್ತದೆ ಎಂದು ಯಾವ ಪಂಚಾಂಗವೂ ಹೇಳುವುದಿಲ್ಲ. ಆ ಸಂಬಳವನ್ನು ನಂಬಿ ಸಾಲ ಮಾಡಬೇಡಿ.

ಅಣ್ಣನ ಮಗಳು ಹಾಳೆಯ ಮೇಲೆ ಮೊದಲು "ವಿಜ್ಞಾನಿ" ಎಂದು ಬರೆದಳು. ಯಾವ ವಯಸ್ಸಿಗೆ ಎಂದು ಕೇಳಿದೆ. ಪಿಎಚ್‌ಡಿ ಮುಗಿಯುವ ಹೊತ್ತಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಆಗುತ್ತದೆ ಎಂದು ಬೆರಳು ಮಡಚಿ ಎಣಿಸಿದಳು. ಅಣ್ಣ ನನ್ನ ಮುಖ ನೋಡಿದ.

ಹೆಜ್ಜೆ 2: ಆ ನಿಲ್ದಾಣದ ಸಂಬಳ ತಿಳಿದುಕೊಳ್ಳಿ, ಬ್ರೋಷರಿನಿಂದಲ್ಲ

ಬ್ರೋಷರ್ ಹೇಳುವುದು ಅತಿ ಹೆಚ್ಚಿನ ಪ್ಯಾಕೇಜ್ ಅಥವಾ ಸರಾಸರಿ ಪ್ಯಾಕೇಜ್. ಒಬ್ಬನಿಗೆ ಹನ್ನೆರಡು ಲಕ್ಷ, ಒಂಬತ್ತು ಜನಕ್ಕೆ ಎರಡೆರಡು ಲಕ್ಷ ಸಿಕ್ಕರೆ ಸರಾಸರಿ ಮೂರು ಲಕ್ಷವಾಗುತ್ತದೆ. ಆ ಹತ್ತು ಜನರಲ್ಲಿ ಮೂರು ಲಕ್ಷ ಕಂಡವನು ಒಬ್ಬನೂ ಇಲ್ಲ. ನಮಗೆ ಬೇಕಾದದ್ದು ಮಧ್ಯಾಂಕ, ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವನ ಸಂಬಳ.

ಇದನ್ನು ಹುಡುಕಲು ಒಂದು ಒಳ್ಳೆಯ ಜಾಗವಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ತಮ್ಮ ಅಂಕಿಅಂಶವನ್ನು ಸಲ್ಲಿಸಿ, ತಮ್ಮ ಜಾಲತಾಣದಲ್ಲೂ ಹಾಕಬೇಕು. ಅದರಲ್ಲಿ ಮೂರು ವರ್ಷದ ಪದವಿ, ಎರಡು ವರ್ಷದ ಸ್ನಾತಕೋತ್ತರ ಪದವಿ ಎಂದು ಬೇರೆ ಬೇರೆ ಕೋಷ್ಟಕಗಳಿರುತ್ತವೆ. ಎಷ್ಟು ಜನ ತೇರ್ಗಡೆಯಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು ಎಂಬ ನಾಲ್ಕು ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಿ.

ಓದುವಾಗ ಎರಡು ಕಡೆ ಕಣ್ಣು ತೆರೆದಿರಲಿ. ಮಧ್ಯಾಂಕ ಸಂಬಳ ಕೆಲಸ ಸಿಕ್ಕವರದ್ದು ಮಾತ್ರ. ಸಿಗದವರು ಆ ಲೆಕ್ಕದಲ್ಲೇ ಇಲ್ಲ. ಇನ್ನು ಆ ಕೋಷ್ಟಕದಲ್ಲಿ ಬಿಕಾಂ, ಬಿಬಿಎ, ಬಿಸಿಎ, ಬಿಎಸ್‌ಸಿ ಎಲ್ಲ ಒಂದೇ ಬುಟ್ಟಿಯಲ್ಲಿರುತ್ತವೆ. ಬಿಸಿಎ ಹುಡುಗರ ಸಂಬಳ ನಿಮ್ಮ ಮಗಳ ಬಯೋಟೆಕ್ನಾಲಜಿಗೆ ಬಣ್ಣ ಬಳಿದಿರಬಹುದು.

ಹಾಗಾಗಿ ಎರಡನೆಯ ಕೆಲಸವನ್ನೂ ಮಾಡಲೇಬೇಕು. ಅದೇ ಕಾಲೇಜಿನ ಅದೇ ವಿಭಾಗದಲ್ಲಿ ಎರಡು ವರ್ಷದ ಹಿಂದೆ ಮುಗಿಸಿದ ಐದು ಜನರನ್ನು ಹುಡುಕಿ ಮಾತಾಡಿ. ಕಾಲೇಜು ತಾನೇ ಪರಿಚಯಿಸಿ ಕೊಡುವವರನ್ನಲ್ಲ, ನೀವಾಗಿ ಲಿಂಕ್ಡ್‌ಇನ್‌ನಲ್ಲೋ ನೆಂಟರ ಮೂಲಕವೋ ಹುಡುಕಿದವರನ್ನು. ಸಿಟಿಸಿ, ಅಂದರೆ ಕಂಪನಿ ಕಾಗದದಲ್ಲಿ ತೋರಿಸುವ ಒಟ್ಟು ಪ್ಯಾಕೇಜ್, ಕೇಳಬೇಡಿ. ಅದರೊಳಗೆ ಕಂಪನಿ ಕಟ್ಟುವ ಪಿಎಫ್, ಗ್ರ್ಯಾಚುಯಿಟಿ, ಬೋನಸ್ ಎಲ್ಲ ಅಡಗಿರುತ್ತವೆ. "ತಿಂಗಳ ಒಂದನೇ ತಾರೀಖು ಖಾತೆಗೆ ಬೀಳುವುದು ಎಷ್ಟು?" ಎಂದು ಕೇಳಿ. ಸಂಕೋಚ ಬೇಡ. ಮದುವೆ ಮಾತುಕತೆಯಲ್ಲಿ ಕೇಳುವ ಪ್ರಶ್ನೆಯನ್ನು ಆರು ಲಕ್ಷದ ಸಾಲಕ್ಕೆ ಮುಂಚೆ ಕೇಳಿದರೆ ತಪ್ಪೇನಿಲ್ಲ.

ನಮ್ಮ ಹಾಳೆಯ ಲೆಕ್ಕಕ್ಕೆ, ಬಿಎಸ್‌ಸಿ ಮುಗಿದೊಡನೆ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದ ಕೆಲಸ, ಕೈಗೆ 20,000 ರೂಪಾಯಿ ಎಂದು ಇಟ್ಟುಕೊಂಡೆವು. ನಿಮಗೆ ಸಿಕ್ಕ ಸಂಖ್ಯೆ ಬೇರೆಯಾಗಿದ್ದರೆ ಅದನ್ನೇ ಹಾಕಿ.

ಹೆಜ್ಜೆ 3: ಓದಿನ ಪೂರ್ತಿ ಖರ್ಚು ಬರೆಯಿರಿ

ಇದು ಸುಲಭದ್ದು. ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಲ್ಯಾಬ್ ಶುಲ್ಕ, ಹಾಸ್ಟೆಲ್, ಊಟ, ರೆಕಾರ್ಡ್ ಪುಸ್ತಕ, ಏಪ್ರನ್, ಊರಿಗೆ ಹೋಗಿ ಬರುವ ಬಸ್ ಚಾರ್ಜು. ಎರಡನೇ ವರ್ಷಕ್ಕೆ ಶುಲ್ಕ ಏರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ವರ್ಷ ಎಂಬುದನ್ನು ಕೇಳಿಯೇ ತಿಳಿಯಬೇಕು. ಒಂದು ವರ್ಷ ಹೆಚ್ಚಾದರೆ ಎರಡು ಲಕ್ಷ ಹೆಚ್ಚು.

ಹೆಜ್ಜೆ 4: ಬಡ್ಡಿಯ ಮೀಟರ್ ಓದುವುದನ್ನು ಕಲಿಯಿರಿ

ಅಣ್ಣ ತಿಳಿದುಕೊಂಡದ್ದು ಹೀಗೆ: ಆರು ಲಕ್ಷ ಸಾಲ, ಓದು ಮುಗಿಯುವವರೆಗೆ ಕಟ್ಟಬೇಕಾಗಿಲ್ಲ, ಮುಗಿದ ಮೇಲೆ ಆರು ಲಕ್ಷ ತೀರಿಸಿದರಾಯಿತು. ಬ್ಯಾಂಕಿನಲ್ಲಿ ಯಾರೂ ಅವನಿಗೆ ಸುಳ್ಳು ಹೇಳಿರಲಿಲ್ಲ. ಅರ್ಧ ಮಾತ್ರ ಹೇಳಿದ್ದರು.

ಸಾಮಾನ್ಯವಾಗಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ಕಂತು ಇಲ್ಲ, ಬಡ್ಡಿ ಇದೆ. ಈ ಅವಧಿಯಲ್ಲಿ ಸರಳ ಬಡ್ಡಿ ಬೆಳೆಯುತ್ತದೆ, ಕೊನೆಗೆ ಅಸಲಿಗೆ ಸೇರಿಕೊಳ್ಳುತ್ತದೆ. ದರವನ್ನು ಶೇ 10 ಎಂದಿಟ್ಟುಕೊಳ್ಳೋಣ, ಲೆಕ್ಕ ಬಾಯಲ್ಲೇ ಆಗುತ್ತದೆ. ಪ್ರತಿ ವರ್ಷದ ಆರಂಭದಲ್ಲಿ ಎರಡು ಲಕ್ಷ ಬಿಡುಗಡೆಯಾಗುತ್ತದೆ. ಮೊದಲ ಎರಡು ಲಕ್ಷ ನಾಲ್ಕು ವರ್ಷ ಬಡ್ಡಿ ತಿನ್ನುತ್ತದೆ: 80,000. ಎರಡನೆಯದು ಮೂರು ವರ್ಷ: 60,000. ಮೂರನೆಯದು ಎರಡು ವರ್ಷ: 40,000. ಒಟ್ಟು 1,80,000. ಮೊದಲ ಕಂತಿನ ದಿನ ಸಾಲ 6 ಲಕ್ಷವಲ್ಲ, 7,80,000.

ಈಗ ಕಂತು. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 10,308 ರೂಪಾಯಿ, ಒಟ್ಟು ಕಟ್ಟುವುದು ಸುಮಾರು 12.37 ಲಕ್ಷ. ಹದಿನೈದು ವರ್ಷಕ್ಕೆ ಹಂಚಿದರೆ ಕಂತು 8,382ಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ 15 ಲಕ್ಷ ದಾಟುತ್ತದೆ. ಏಳು ವರ್ಷಕ್ಕಾದರೆ ಕಂತು 12,949, ಒಟ್ಟು 10.88 ಲಕ್ಷ. ಕಂತು ಹಗುರವಾದಷ್ಟೂ ಸಾಲ ಭಾರವಾಗುತ್ತದೆ.

ಇಪ್ಪತ್ತು ಸಾವಿರ ಸಂಬಳದ ಹುಡುಗಿಯ ತಿಂಗಳನ್ನು ಒಮ್ಮೆ ನಡೆಸಿ ನೋಡಿದೆವು. ಊಟ ಸಹಿತ ಪಿಜಿಗೆ 9,000. ಬಸ್ಸು, ಮೊಬೈಲ್, ಸೋಪು, ತಲೆನೋವಿನ ಮಾತ್ರೆ ಎಲ್ಲ ಸೇರಿ 2,000. ಕಂತು 10,308. ಒಟ್ಟು 21,308. ಚಪ್ಪಲಿ ಕಿತ್ತುಹೋಗದಿದ್ದರೂ ತಿಂಗಳಿಗೆ 1,308 ರೂಪಾಯಿ ಸಾಲದು. ಅದನ್ನು ತುಂಬುವವನು ಅಣ್ಣ. ಅವನೇ ಸಾಲದ ಸಹ-ಅರ್ಜಿದಾರ ಕೂಡ. ಮಗಳ ಕಂತು ತಪ್ಪಿದರೆ ಗುರುತು ಬೀಳುವುದು ಇಬ್ಬರ ಸಿಬಿಲ್ ದಾಖಲೆಯಲ್ಲೂ; ಮುಂದಿನ ವರ್ಷ ಬೆಳೆಸಾಲಕ್ಕೆ ಹೋದಾಗ ಬ್ಯಾಂಕಿನವರು ನೋಡುವುದು ಅದನ್ನೇ. ಈ ಮಾತು ಕೇಳಿದ ಮೇಲೆ ಅಣ್ಣ ಬ್ರೋಷರನ್ನು ಮಡಚಿ ಚೀಲಕ್ಕೆ ಹಾಕಿದ. ಮಗಳು ಮತ್ತೆ ತೆಗೆದಳು.

"ನಾನು ಮೂರು ವರ್ಷಕ್ಕೆ ನಿಲ್ಲುವುದಿಲ್ಲವಲ್ಲ, ಎಂಎಸ್‌ಸಿ ಮಾಡುತ್ತೇನೆ" ಎಂದಳು. ಸರಿಯಾದ ಮಾತೇ. ಅದನ್ನೂ ಲೆಕ್ಕ ಹಾಕಿದೆವು. ಎಂಎಸ್‌ಸಿ ಸೇರಿದರೆ ಹಳೆಯ ಸಾಲದ ಕಂತನ್ನು ಮುಂದೂಡುವಂತೆ ಬ್ಯಾಂಕಿಗೆ ಅರ್ಜಿ ಕೊಡಬಹುದು. ಒಪ್ಪುವುದು ಅವರಿಗೆ ಬಿಟ್ಟದ್ದು. ಒಪ್ಪಿದರೂ ಆರು ಲಕ್ಷದ ಮೇಲೆ ತಿಂಗಳಿಗೆ ಐದು ಸಾವಿರ, ದಿನಕ್ಕೆ 164 ರೂಪಾಯಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಎರಡು ವರ್ಷಕ್ಕೆ 1,20,000. ಸಾಲ ಒಂಬತ್ತು ಲಕ್ಷವಾಯಿತು, ಹತ್ತು ವರ್ಷದ ಕಂತು 11,894. ಎಂಎಸ್‌ಸಿಯ ಶುಲ್ಕ ಇನ್ನೂ ಇದರಲ್ಲಿ ಸೇರಿಲ್ಲ.

ಆಮೇಲೆ ಪಿಎಚ್‌ಡಿ? ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಕ್ಕರೆ 2023ರ ಜನವರಿಯಿಂದ ಜಾರಿಯಲ್ಲಿರುವ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಅದರಲ್ಲಿ 11,894 ಕಂತು ಕಟ್ಟಿ ಉಳಿದ 25,106ರಲ್ಲಿ ಬದುಕಬಹುದು. ಮನೆಗೆ ಕಳಿಸಲು ಉಳಿಯುವುದಿಲ್ಲ. ಆದರೆ ಜೆಆರ್‌ಎಫ್ ಎಲ್ಲರಿಗೂ ಸಿಗುವುದಿಲ್ಲ, ಶಿಷ್ಯವೇತನ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಬ್ಯಾಂಕಿನ ಕಂತು ತಡವಾಗುವುದಿಲ್ಲ.

ಹೆಜ್ಜೆ 5: ಹಿಂದಕ್ಕೆ ನಡೆಯಿರಿ

ಇದೇ ಮುಖ್ಯ ಹೆಜ್ಜೆ. ಕೈಗೆ ಬರುವ ಸಂಬಳದ ಐದನೇ ಒಂದು ಭಾಗ ಮೀರಿ ಕಂತು ಇರಬಾರದು ಎಂಬುದು ನನ್ನ ಮಟ್ಟಿಗೆ ಕಟ್ಟುನಿಟ್ಟು. ಇನ್ನೂ ಮದುವೆ, ಮನೆ, ತಂದೆ ತಾಯಿಯ ಔಷಧ ಎಲ್ಲ ಮುಂದಿವೆ. ಕೆಲವರು ಮೂರನೇ ಒಂದು ಭಾಗ ಎನ್ನುತ್ತಾರೆ; ಅವರು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟದವರು ಇರಬೇಕು.

ಶೇ 10 ಬಡ್ಡಿ, ಮೂರು ವರ್ಷದ ಓದು, ಒಂದು ವರ್ಷದ ವಿರಾಮ, ಹತ್ತು ವರ್ಷದ ಮರುಪಾವತಿ ಎಂಬ ಲೆಕ್ಕದಲ್ಲಿ ಒಂದು ಸೂತ್ರ ಸಿಗುತ್ತದೆ: ತಿಂಗಳ ಕಂತಿನ ಪ್ರತಿ ಸಾವಿರ ರೂಪಾಯಿಗೆ ಸುಮಾರು 58,000 ರೂಪಾಯಿ ಸಾಲ ತಾಳುತ್ತದೆ. ಸಂಬಳ 20,000 ಆದರೆ ಕಂತಿನ ಮಿತಿ 4,000, ಸಾಲದ ಮಿತಿ 2.32 ಲಕ್ಷ. ಸಂಬಳ 25,000 ಆದರೆ 2.9 ಲಕ್ಷ. 30,000 ಆದರೆ ಸುಮಾರು ಮೂರೂವರೆ ಲಕ್ಷ. ಮೂರೂ ವರ್ಷಕ್ಕೆ ಸೇರಿ ಇಷ್ಟು, ವರ್ಷಕ್ಕಲ್ಲ. ಆರು ಲಕ್ಷದ ಸಾಲವನ್ನು ನೆಮ್ಮದಿಯಿಂದ ಹೊರಲು ಕೈಗೆ 51,000ಕ್ಕೂ ಹೆಚ್ಚು ಬರಬೇಕು. ಬಿಎಸ್‌ಸಿ ಮುಗಿಸಿದ ಮೊದಲ ವರ್ಷ ಅಷ್ಟು ಕೊಡುವ ಪ್ರಯೋಗಾಲಯವನ್ನು ನಾನಂತೂ ಕಂಡಿಲ್ಲ.

ಇನ್ನೊಂದು ತಕ್ಕಡಿಯೂ ಇದೆ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಜಿಲ್ಲಾ ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅದೇ ಬಿಎಸ್‌ಸಿಯ ಶುಲ್ಕ ವರ್ಷಕ್ಕೆ ಕೆಲವೇ ಸಾವಿರ. ಆ ಪದವಿಗೂ ಒಂದು ಸಂಬಳ ಸಿಗುತ್ತದೆ. ಹಾಗಾದರೆ ಬ್ರೋಷರಿನ ಪದವಿ ಅದಕ್ಕಿಂತ ತಿಂಗಳಿಗೆ 10,308 ರೂಪಾಯಿ ಹೆಚ್ಚು ತರಬೇಕು, ಅದೂ ಹತ್ತು ವರ್ಷ ಎಡೆಬಿಡದೆ. ತಂದರೆ ಲೆಕ್ಕ ಸಮ, ಲಾಭವಲ್ಲ. ಖಾಸಗಿ ಕಾಲೇಜಿನಲ್ಲಿ ಒಳ್ಳೆಯ ಉಪಕರಣಗಳಿರಬಹುದು, ಇಂಗ್ಲಿಷ್ ರೂಢಿಯಾಗಬಹುದು, ಕಂಪನಿಗಳು ಕ್ಯಾಂಪಸ್ಸಿಗೆ ಬರಬಹುದು. ಅದಕ್ಕೆಲ್ಲ ಬೆಲೆ ಇದೆ. ಆ ಬೆಲೆ ತಿಂಗಳಿಗೆ ಹತ್ತು ಸಾವಿರವೇ ಎಂದು ಆ ಐದು ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ.

ಹೆಜ್ಜೆ 6: ಸಾಲವನ್ನು ಕುಗ್ಗಿಸಿ

ಜೀವಶಾಸ್ತ್ರದಲ್ಲಿ ಹಣ ತರುವ ದಾರಿಗಳು ಇವೆ. ಮುಂಚೆಯೇ ತಿಳಿದಿರಬೇಕು ಅಷ್ಟೆ.

ಕೇಂದ್ರದ ಇನ್‌ಸ್ಪೈರ್ ಷಿ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಪಿಯುಸಿ ಮಂಡಳಿಯ ಮೇಲಿನ ಶೇ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ದಾರಿಯಿದೆ. ಒಪ್ಪಿತ ವಿಷಯಗಳ ಪಟ್ಟಿಯಲ್ಲಿರುವುದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರದಂಥವು. ಕೋರ್ಸಿನ ಹೆಸರು ಆ ಪಟ್ಟಿಯಲ್ಲಿದೆಯೇ ನೋಡಿಕೊಂಡೇ ಸೀಟು ಪಡೆಯಿರಿ. ಸರ್ಕಾರಿ ಶಾಲೆ ಮತ್ತು ಕಾಲೇಜಿನಲ್ಲಿ ಹತ್ತನೇ, ಹನ್ನೆರಡನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ಕೊಡುತ್ತದೆ. ರಾಜ್ಯದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಮರೆಯಬೇಡಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಮೇಷ್ಟ್ರಾಗುವ ಮನಸ್ಸಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎಸ್‌ಸಿ ಮತ್ತು ಬಿ.ಇಡಿ ಸೇರಿ ನಾಲ್ಕು ವರ್ಷ. ಬೇರೆ ಬೇರೆಯಾಗಿ ಮಾಡಿದರೆ ಐದು. ಉಳಿದ ಒಂದು ವರ್ಷವೂ ಹಣವೇ.

ಸಂಶೋಧನೆಯೇ ಗುರಿಯಾದರೆ ದೊಡ್ಡ ಉಳಿತಾಯ ಎಂಎಸ್‌ಸಿಯ ಹಂತದಲ್ಲಿದೆ. ಬಿಎಸ್‌ಸಿ ಕೊನೆಯ ವರ್ಷದಲ್ಲಿ ಜ್ಯಾಮ್ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಎಂಎಸ್‌ಸಿಯನ್ನೂ ಒಳಗೊಂಡ ಸಮಗ್ರ ಪಿಎಚ್‌ಡಿಗೆ ಸೇರಿದರೆ ಮೊದಲಿನಿಂದಲೇ ಶಿಷ್ಯವೇತನ ಸಿಗುತ್ತದೆ. ಗ್ಯಾಟ್-ಬಿ ಪರೀಕ್ಷೆಯ ಮೂಲಕ ಸೇರುವ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಎಂಎಸ್‌ಸಿಗೆ ತಿಂಗಳಿಗೆ 5,000 ಬರುತ್ತದೆ. ಇವೆರಡಕ್ಕೂ ಕೇಳುವುದು ನಿಮ್ಮ ಅಂಕ. ಬಿಎಸ್‌ಸಿ ಮಾಡಿದ ಕಟ್ಟಡದಲ್ಲಿ ಲಿಫ್ಟ್ ಇತ್ತೇ ಎಂದು ಯಾರೂ ಕೇಳುವುದಿಲ್ಲ.

ವಿದೇಶದ ಮಾತು ಬಂದರೆ ಒಂದೇ ವಿಷಯ ನೆನಪಿಡಿ. ಅಮೆರಿಕದಲ್ಲಿ ಜೀವಶಾಸ್ತ್ರದ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ಶಿಷ್ಯವೇತನವೂ ಇರುತ್ತದೆ. ಎಂಎಸ್‌ಗೆ ಹೆಚ್ಚಾಗಿ ಕೈಯಿಂದಲೇ ಕಟ್ಟಬೇಕು. ಪಿಎಚ್‌ಡಿ ಸಿಗಲಿಲ್ಲವೆಂದು ಮನೆ ಅಡವಿಟ್ಟು ಎಂಎಸ್‌ಗೆ ಹೊರಡುವವರು ಈ ಹಾಳೆಯನ್ನು ಎರಡು ಸಲ ತುಂಬಿಸಲಿ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಸಿಇಟಿ ಮೂಲಕ ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯ ಕೋರ್ಸುಗಳೂ ಇವೆ, ರೈತರ ಮಕ್ಕಳಿಗೆ ಮೀಸಲು ಸೀಟುಗಳೂ ಇವೆ. ಬ್ಯಾಂಕಿನ ಕಣ್ಣಿಗೆ ಇವು ವೃತ್ತಿಪರ ಕೋರ್ಸುಗಳು. ಇದು ಏಕೆ ಮುಖ್ಯ ಎಂದು ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 7: ಬ್ಯಾಂಕಿನ ಕೌಂಟರಿನಲ್ಲಿ

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತರಿ ನಿಧಿ ಇದೆ. ಪಹಣಿ ತನ್ನಿ ಎಂದರೆ ಏಕೆ ಎಂದು ಬರವಣಿಗೆಯಲ್ಲಿ ಕೇಳಿ.

ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಓದಿನ ಅವಧಿಯ ಪೂರ್ತಿ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೊಂದಿದೆ. ಆದರೆ ಅದು ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ. ಸಾದಾ ಬಿಎಸ್‌ಸಿ ಸಾಮಾನ್ಯವಾಗಿ ಹೊರಗೆ ಉಳಿಯುತ್ತದೆ. ಅಣ್ಣ ನಂಬಿಕೊಂಡಿದ್ದದ್ದು ಇದನ್ನೇ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇದಕ್ಕಿಂತ ಅಗಲವಾದದ್ದು: ಆಯ್ದ ಸಂಸ್ಥೆಗಳಲ್ಲಿ (ಶುರುವಿನಲ್ಲಿ ಸುಮಾರು 860) ಸೀಟು ಸಿಕ್ಕರೆ ಅಡಮಾನವಾಗಲಿ ಜಾಮೀನುದಾರರಾಗಲಿ ಬೇಡ, ಆದಾಯ ಎಂಟು ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಕಂತು ಇಲ್ಲದ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ನೆರವು. ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ, ಸರ್ಕಾರಿ ಸಂಸ್ಥೆಯವರಿಗೆ ಆದ್ಯತೆ. ನಮ್ಮ ಉದಾಹರಣೆಯಲ್ಲಿ ಸಿಕ್ಕರೆ 1,80,000ರಲ್ಲಿ 54,000 ಉಳಿಯುತ್ತದೆ. ನೀವು ಸೇರುವ ಸಂಸ್ಥೆ ಪಟ್ಟಿಯಲ್ಲಿದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿ.

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗುವುದು ಸಾಧ್ಯವಾದರೆ ಅದರಷ್ಟು ಒಳ್ಳೆಯದು ಬೇರೊಂದಿಲ್ಲ. ಮೊದಲ ವರ್ಷ ತಿಂಗಳಿಗೆ 1,667, ಎರಡನೇ ವರ್ಷ 3,333, ಆಮೇಲೆ 5,000. ಹೀಗೆ ಮಾಡಿದರೆ ಹತ್ತು ವರ್ಷದ ಕಂತು 10,308ರ ಬದಲು 7,929. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲೂ ರಿಯಾಯಿತಿ ಕೊಡುತ್ತವೆ, ಕೇಳಿ. ಬದಲಾಗುವ ಬಡ್ಡಿದರದ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯನ್ನು ಯಾರಾದರೂ ದೊಡ್ಡದಾಗಿ ಹೇಳಿದರೆ ನಕ್ಕು ಬಿಡಿ: ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಇಪ್ಪತ್ತು ಸಾವಿರ ಸಂಬಳದವರಿಗೆ ತೆರಿಗೆಯೇ ಇರುವುದಿಲ್ಲ.

ಅಣ್ಣನ ಮಗಳು ಎರಡು ದಿನ ಮುನಿಸಿಕೊಂಡಿದ್ದಳು. ಮೂರನೇ ದಿನ ತಾನೇ ಎನ್‌ಐಆರ್‌ಎಫ್ ಕೋಷ್ಟಕ ತೆರೆದು, ಆ ವಿಶ್ವವಿದ್ಯಾಲಯದ ಮೂರು ವರ್ಷದ ಪದವಿಗಳ ಸಾಲಿನಲ್ಲಿ ಕೆಲಸ ಸಿಕ್ಕವರಿಗಿಂತ ಮುಂದೆ ಓದಲು ಹೋದವರೇ ಹೆಚ್ಚು ಎಂದು ನನಗೆ ತೋರಿಸಿದಳು. ಈಗ ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡಿದ್ದಾಳೆ. ಲ್ಯಾಬಿನಲ್ಲಿ ಮೂವರಿಗೆ ಒಂದೇ ಸೂಕ್ಷ್ಮದರ್ಶಕ ಎಂದು ಪ್ರತಿ ಭಾನುವಾರ ಫೋನಿನಲ್ಲಿ ದೂರು ಹೇಳುತ್ತಾಳೆ, ದೂರು ನಿಜವೇ. ಕ್ಯಾಲೆಂಡರ್ ಹಾಳೆಯನ್ನು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿದ್ದಾಳಂತೆ. ಅದರ ಕೆಳಗೆ ಅವಳೇ ಸೇರಿಸಿದ ಎರಡು ಸಾಲುಗಳಿವೆ: "ಎಂಎಸ್‌ಸಿ ಸಾಲ, ಹೆಚ್ಚೆಂದರೆ 2.3 ಲಕ್ಷ. ಜ್ಯಾಮ್ ಅರ್ಜಿ, ಮೂರನೇ ವರ್ಷ ಸೆಪ್ಟೆಂಬರ್."